ಬಾಯಿ ತೆರೆದವರು, ಬಾಯಿ ಬಿಡದವರು

ಉಳಿದ ಹಲ್ಲುಗಳೆಲ್ಲ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಯೂರಿ ವರ್ಷಗಳು ಕಳೆದ ಮೇಲೆ, ಊಟದ ಪಂಕ್ತಿ ಮುಗಿಯುವ ಹೊತ್ತಿಗೆ ಬಂದ ನೆಂಟನಂತೆ, ದವಡೆಯ ಕಟ್ಟಕಡೆಯಲ್ಲಿ ಜಾಗ ಹುಡುಕುತ್ತ ಬರುವ ಹಲ್ಲೊಂದುಂಟು. ಬಂದುದು ತಡವಾದರೂ ಅದಕ್ಕೆ ದೊರೆತ ಹೆಸರು ಮಾತ್ರ ದೊಡ್ಡದು. ಲ್ಯಾಟಿನ್ ನುಡಿಯವರು ಅದನ್ನು ವಿವೇಕದ ಹಲ್ಲೆಂದರು. ಅರಬ್ಬೀ ಭಾಷೆಯಲ್ಲಿ ಅದು ಬುದ್ಧಿಯ ದವಡೆಹಲ್ಲು, ಹಿಂದಿಯಲ್ಲಿ ‘ಅಕಲ್ ದಾಢ್’, ನಮ್ಮಲ್ಲಿ ಬುದ್ಧಿಹಲ್ಲು. ತುರ್ಕಿಯವರು ಲೆಕ್ಕಾಚಾರದ ಜನ. ಇಪ್ಪತ್ತರ ವಯಸ್ಸಿನ ಹಲ್ಲು ಎಂದು ಕರೆದು ಸುಮ್ಮನಾದರು. ಕೊರಿಯದವರು ರಸಿಕರು, ಹರೆಯದಲ್ಲಿ ಬಂದು ನೋಯಿಸುವುದರಿಂದಲೋ ಏನೋ, ಅವರಿಗೆ ಅದು ಪ್ರೇಮದ ಹಲ್ಲು. ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾದುದು ಜಪಾನೀಯರ ಹೆಸರು. ‘ಓಯಾಶಿರಾಜು’ ಎನ್ನುತ್ತಾರೆ. ಎಂದರೆ, ತಂದೆತಾಯಿಗಳು ಅರಿಯದ್ದು. ಹಾಲುಹಲ್ಲು ಬಂದಾಗ ಸಂಭ್ರಮಿಸಿದ ತಾಯಿ ಈ ಹಲ್ಲು ಬರುವ ಹೊತ್ತಿಗೆ ಹತ್ತಿರದಲ್ಲಿರುವುದಿಲ್ಲ.

ತಂದೆತಾಯಿಗಳು ಅರಿಯದಿದ್ದರೆ ಹೋಗಲಿ. ಹಲ್ಲಿನ ಒಡೆಯನಾದರೂ ಅದರ ವಿಚಾರವನ್ನು ಅರಿತಿರುತ್ತಾನೆಯೇ ಎಂದರೆ ಅದೂ ಇಲ್ಲ. ಅರಿತವರು ಒಬ್ಬರೇ, ದಂತವೈದ್ಯರು. ಅವರು ಅರಿತುದನ್ನು ನಮಗೆ ಎಷ್ಟರಮಟ್ಟಿಗೆ ಹೇಳುತ್ತಾರೆ, ಎಷ್ಟು ಹೇಳಬೇಕು ಎಂಬುದೇ ಈ ವಾರದ ವಿಚಾರ.

ಮೊದಲು ಹಲ್ಲಿನ ಸಂಗತಿ. ಹದಿನೇಳರಿಂದ ಇಪ್ಪತ್ತೈದು ವಯಸ್ಸಿನ ನಡುವೆ, ಮೇಲೆ ಎರಡು ಕೆಳಗೆ ಎರಡರಂತೆ ನಾಲ್ಕು ಬುದ್ಧಿಹಲ್ಲುಗಳು ಮೂಡುವುದು ವಾಡಿಕೆ. ಕೆಲವರಿಗೆ ಎರಡೋ ಮೂರೋ ಮಾತ್ರ. ಮತ್ತೆ ಕೆಲವರಿಗೆ ಒಂದೂ ಇಲ್ಲ. (ಇಲ್ಲದವರಿಗೆ ಬುದ್ಧಿಯೇನೂ ಕಡಿಮೆಯಾಗಿರುವುದಿಲ್ಲ, ನಾಲ್ಕೂ ಇದ್ದು ಪರೀಕ್ಷೆಯಲ್ಲಿ ನಪಾಸಾದವರನ್ನು ಕಾಲೇಜಿನ ಉಪನ್ಯಾಸಕನಾದ ನಾನು ಬೇಕಾದಷ್ಟು ಬಲ್ಲೆ.) ದವಡೆಯಲ್ಲಿ ಸ್ಥಳ ಸಾಲದಾದಾಗ ಹಲ್ಲು ಪೂರ್ತಿಯಾಗಿ ಮೇಲೇಳಲಾರದೆ ಮೂಳೆಯಲ್ಲಿಯೋ ಒಸಡಿನಲ್ಲಿಯೋ ಸಿಕ್ಕಿಕೊಳ್ಳುತ್ತದೆ. ಬಹುಮಟ್ಟಿಗೆ ಅದು ಮುಂದಕ್ಕೆ ವಾಲಿ, ಮುಂದಿನ ದವಡೆಹಲ್ಲಿನ ಬೆನ್ನಿಗೆ ತಲೆಯೂರಿ ನಿಲ್ಲುತ್ತದೆ. ಅರ್ಧ ಎದ್ದ ಹಲ್ಲಿನ ಮೇಲೆ ಒಸಡಿನ ಚಿಕ್ಕದೊಂದು ಮುಚ್ಚಳ ಉಳಿದಿರುತ್ತದೆ. ಅದರಡಿಯಲ್ಲಿ ಅನ್ನದ ಅಗುಳು, ಒಗ್ಗರಣೆಯ ಸಾಸಿವೆ ಮೊದಲಾದುವೆಲ್ಲ ಹೋಗಿ ಸೇರುತ್ತವೆ. ಬ್ರಷ್ಷಿನ ತುದಿ ಅಲ್ಲಿಗೆ ಮುಟ್ಟುವುದಿಲ್ಲ. ಕೀವು ಕಟ್ಟುತ್ತದೆ, ಕೆನ್ನೆ ಊದುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಮನೆಯಲ್ಲಿ ಉಪ್ಪುನೀರು, ಲವಂಗದೆಣ್ಣೆ, ಅಜ್ಜಿಯ ಉಪದೇಶ ಎಲ್ಲವೂ ನಡೆದು, ನಾಲ್ಕು ದಿನಕ್ಕೆ ನೋವು ಇಳಿದರೆ ಎಲ್ಲರೂ ಮರೆತುಬಿಡುತ್ತಾರೆ. ಎರಡು ತಿಂಗಳಿಗೆ ಅದು ಮರಳಿ ಬರುತ್ತದೆ. ಆಗ ವೈದ್ಯರ ಕುರ್ಚಿ.

ಆ ಕುರ್ಚಿಯ ವ್ಯವಸ್ಥೆಯನ್ನೇ ಗಮನಿಸಿ. ಬೇರೆ ಯಾವ ವೈದ್ಯರ ಎದುರಿನಲ್ಲಿಯಾದರೂ ರೋಗಿ ಕುಳಿತು ಮಾತನಾಡಬಹುದು. ಇಲ್ಲಿ ಅವನನ್ನು ಮಲಗಿಸಿ, ಕಣ್ಣಿಗೆ ದೀಪ ಹಾಯಿಸಿ, ಬಾಯೊಳಗೆ ಕನ್ನಡಿಯನ್ನೂ ಎಂಜಲು ಹೀರುವ ನಳಿಕೆಯನ್ನೂ ಇಟ್ಟ ಮೇಲೆ ‘ಹೇಗಿದೆ, ನೋವುಂಟೇ?’ ಎಂದು ಕೇಳುತ್ತಾರೆ. ಆತ ‘ಆಂ’ ಎನ್ನುತ್ತಾನೆ. ಆ ಒಂದು ಸ್ವರದಿಂದ ಹೌದು, ಅಲ್ಲ, ಸ್ವಲ್ಪ, ಸಾಕು ಎಂಬ ನಾಲ್ಕು ಅರ್ಥಗಳನ್ನೂ ವೈದ್ಯರು ತಮಗೆ ಬೇಕಾದಂತೆ ತೆಗೆದುಕೊಳ್ಳಬಹುದು. ಬಾಯಿ ತೆರೆದವನು ಮಾತನಾಡಲಾರ; ಮಾತನಾಡಬಲ್ಲವರು ಬಾಯಿ ಬಿಡುವುದಿಲ್ಲ. ಕೊನೆಗೆ ಕೈಗವಸು ಕಳಚುತ್ತ, ‘ವಿಸ್‌ಡಮ್ ಟೂತ್; ತೆಗೆಸಿಬಿಡಿ. ಹೊರಗೆ ದಿನ ಗೊತ್ತುಮಾಡಿಕೊಳ್ಳಿ’ ಎಂಬಲ್ಲಿಗೆ ಸಂವಾದ ಮುಗಿಯಿತು.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಆದುದನ್ನು ಇಲ್ಲಿ ಹೇಳಬೇಕು. ಬಿ.ಎ. ಕೊನೆಯ ವರ್ಷದ ಹುಡುಗಿ. ಕೆಳದವಡೆಯ ಬಲಗಡೆಯ ಬುದ್ಧಿಹಲ್ಲನ್ನು ಊರಿನ ಒಂದು ದಂತಚಿಕಿತ್ಸಾಲಯದಲ್ಲಿ ತೆಗೆಸಿಕೊಂಡಳು. ಮರಗಟ್ಟಿಸುವ ಮದ್ದು ಎರಡು ಮೂರು ಗಂಟೆಗಳಲ್ಲಿ ಇಳಿಯುವುದೆಂದು ಹೇಳಿದ್ದರು. ಸಂಜೆಯಾಯಿತು, ರಾತ್ರಿಯಾಯಿತು, ಕೆಳದುಟಿಯ ಅರ್ಧಭಾಗ, ಗಲ್ಲದ ಅರ್ಧಭಾಗ ಎಚ್ಚರಾಗಲೇ ಇಲ್ಲ. ಕಾಫಿ ಕುಡಿದರೆ ತುಟಿಯಂಚಿನಿಂದ ಇಳಿದುಹೋದರೂ ತಿಳಿಯದು. ಮನೆಯವರಿಗೆ ಮೊದಲು ಹೊಳೆದ ಮಾತು ವಾಯು. ಮುಖಕ್ಕೆ ವಾಯು ಹೊಡೆದಿದೆ, ಮುಂದಿನ ವರ್ಷ ಮದುವೆ ಮಾಡಬೇಕೆಂದಿರುವ ಹುಡುಗಿ, ಇನ್ನೇನು ಗತಿ ಎಂದು ಆ ತಾಯಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಚಿಕಿತ್ಸಾಲಯಕ್ಕೆ ಹೋದಾಗ ಸಿಕ್ಕಿದ ಉತ್ತರ: ‘ಓ ಅದಾ, ಕೆಲವರಿಗೆ ಆಗುತ್ತೆ, ಸರಿಹೋಗುತ್ತೆ.’ ನಾಲ್ಕು ತಿಂಗಳಿಗೆ ಸರಿಹೋದುದೂ ನಿಜ. ಆದರೆ ಅವಳ ತಂದೆ ಒಂದು ದಿನ ಕಾಲೇಜಿನ ಮೆಟ್ಟಿಲ ಬಳಿ ಸಿಕ್ಕಿದಾಗ ಹೇಳಿದ ಮಾತು ಇದು: ‘ಸಾರ್, ಕೆಲವರಿಗೆ ಆಗುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಿದ್ದದ್ದನ್ನ ಮೊದಲೇ ಒಂದು ಮಾತು ಹೇಳಿದ್ದರೆ ನಾವು ಹೆದರುತ್ತಿರಲಿಲ್ಲ.’

ಹೇಳಬೇಕಾಗಿದ್ದ ಸಂಗತಿ ಕಠಿನವಾದುದೇನೂ ಅಲ್ಲ. ಕೆಳದವಡೆಯ ಮೂಳೆಯೊಳಗೆ, ಹಲ್ಲುಗಳ ಬೇರುಗಳಡಿಯಲ್ಲಿ ಒಂದು ಸಣ್ಣ ಸುರಂಗವಿದೆ. ಅದರಲ್ಲಿ ಒಂದು ನರ ಹರಿದು, ಗಲ್ಲದ ಬಳಿ ಹೊರಬಂದು, ಕೆಳದುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಕೆಲವರಲ್ಲಿ ಬುದ್ಧಿಹಲ್ಲಿನ ಬೇರು ಈ ಸುರಂಗಕ್ಕೆ ತಾಗಿಕೊಂಡೇ ಇರುತ್ತದೆ. ಹಲ್ಲು ಕೀಳುವಾಗ ನರ ಜಜ್ಜಿದರೆ ತುಟಿ ಮರಗಟ್ಟುತ್ತದೆ. ನಾಲಗೆಗೆ ಹೋಗುವ ಇನ್ನೊಂದು ನರವೂ ದವಡೆಯ ಒಳಬದಿಯಲ್ಲಿ ಸಮೀಪದಲ್ಲಿಯೇ ಇದೆ. ಅದಕ್ಕೆ ಪೆಟ್ಟಾದರೆ ನಾಲಗೆಯ ಒಂದು ಭಾಗಕ್ಕೆ ಸ್ಪರ್ಶವೂ ರುಚಿಯೂ ಕುಂದಬಹುದು. ಈ ಎರಡೂ ನರಗಳು ತಿಳಿವಳಿಕೆಯ ನರಗಳೇ ಹೊರತು ತುಟಿ ನಾಲಗೆಗಳ ಚಲನೆಯ ನರಗಳಲ್ಲ. ಆದುದರಿಂದ ಮುಖ ಸೊಟ್ಟಗಾಗುವುದಿಲ್ಲ, ವಾಯುವಿನ ಮಾತೇ ಇಲ್ಲಿ ಬರುವುದಿಲ್ಲ. ನೂರರಲ್ಲಿ ಕೆಲವೇ ಮಂದಿಗೆ ಹೀಗಾಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಆ ತಾಯಿಯ ಎರಡು ರಾತ್ರಿಗಳ ಬೆಲೆ ಈ ಎರಡು ನಿಮಿಷ.

ಒಂದು ಕಾಲದಲ್ಲಿ ದಂತವೈದ್ಯರು ಹೇಳಲು ಅವರಿಗಾದರೂ ಏನು ತಿಳಿದಿತ್ತು! 1844ರಲ್ಲಿ ಅಮೆರಿಕದ ಹೋರೇಸ್ ವೆಲ್ಸ್ ಎಂಬ ದಂತವೈದ್ಯ ನಗೆ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡು ಪರೀಕ್ಷಿಸುವವರೆಗೆ, ಹಲ್ಲು ಕೀಳುವುದೆಂದರೆ ನೋವಿನ ಕೂಗೇ ಆಗಿದ್ದಿತು. 1895ರಲ್ಲಿ ರಾಂಟ್‌ಗೆನ್ ಎಕ್ಸ್‌ರೇ ಕಿರಣಗಳನ್ನು ಕಾಣುವವರೆಗೆ ಬೇರು ಎತ್ತ ಬಾಗಿದೆಯೆಂಬುದು ಕಿತ್ತ ಮೇಲೆಯೇ ತಿಳಿಯುತ್ತಿದ್ದಿತು. ಇಂದು ಹಾಗಲ್ಲ. ‘ಓಪಿಜಿ’ ಎಂಬ ಎಕ್ಸ್‌ರೇ ಚಿತ್ರದಲ್ಲಿ ಎರಡೂ ದವಡೆಗಳು ಒಂದೇ ನೋಟಕ್ಕೆ ದೊರೆಯುತ್ತವೆ. ಹಲ್ಲು ವಾಲಿರುವ ರೀತಿ, ಬೇರಿನ ಕೊಕ್ಕೆ, ನರದ ಸುರಂಗ ಎಲ್ಲವೂ ಅಲ್ಲಿದೆ. ಸಂದೇಹವಿದ್ದರೆ ಮೂರು ಆಯಾಮಗಳ ಸ್ಕ್ಯಾನ್ ಮಾಡಿಸಬಹುದು. ಹೀಗೆ ವೈದ್ಯರ ಕಣ್ಣಿಗೆ ಬಿದ್ದುದು ರೋಗಿಯ ಕಿವಿಗೆ ಬೀಳದಿರುವುದಕ್ಕೆ ಈಗ ಸಬೂಬು ಉಳಿದಿಲ್ಲ.

ಆದರೂ ಕಾರಣಗಳಿವೆ, ವೈದ್ಯರ ಪಕ್ಷವನ್ನೂ ಕೇಳಬೇಕು. ನನಗೆ ಪರಿಚಯದ ದಂತವೈದ್ಯರೊಬ್ಬರಲ್ಲಿ ಈ ಮಾತನ್ನೆತ್ತಿದೆ. ‘ಮೇಷ್ಟ್ರೇ, ಎಲ್ಲವನ್ನೂ ಹೇಳಿದರೆ ಕುರ್ಚಿಯಿಂದ ಎದ್ದೇ ಹೋಗುತ್ತಾರೆ. ಆಮೇಲೆ ಕೀವು ತುಂಬಿಕೊಂಡು ಮಧ್ಯರಾತ್ರಿ ಬರುತ್ತಾರೆ’ ಎಂದರು. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಹೊರಗೆ ಹತ್ತು ಮಂದಿ ಕಾದಿರುತ್ತಾರೆ ಎಂಬುದೂ ಸತ್ಯ. ಇದಲ್ಲದೆ ಒಂದು ಹಳೆಯ ವಾಸನೆಯೂ ಇದೆ. ಗ್ರೀಸಿನ ಹಿಪೊಕ್ರಾಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥವೊಂದು, ಚಿಕಿತ್ಸೆ ಮಾಡುವಾಗ ರೋಗಿಯಿಂದ ಹೆಚ್ಚಿನದೆಲ್ಲವನ್ನೂ ಮರೆಮಾಡಬೇಕೆಂದೇ ವೈದ್ಯನಿಗೆ ಬುದ್ಧಿ ಹೇಳುತ್ತದೆ. ನಮ್ಮ ನಾಡಿನಲ್ಲಂತೂ ವೈದ್ಯನೆಂದರೆ ಸಾಕ್ಷಾತ್ ನಾರಾಯಣ. ನಾರಾಯಣನನ್ನು ‘ಯಾಕೆ, ಏನು, ಎಷ್ಟು’ ಎಂದು ಕೇಳುವುದು ಹೇಗೆ?

ಆದರೆ ನಮ್ಮ ಹಿರಿಯರು ಮೌನವನ್ನೇ ಬೋಧಿಸಿದರೆಂದು ತಿಳಿಯತಕ್ಕದ್ದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗದ ಅಧ್ಯಾಯವಿದೆ. ಬೇರೆ ಉಪಾಯಗಳೆಲ್ಲ ಸೋತು ಅಪಾಯಕರವಾದ ಚಿಕಿತ್ಸೆಗೆ ಕೈಹಾಕಬೇಕಾಗಿ ಬಂದಾಗ ವೈದ್ಯನು ಮಾಡಬೇಕಾದುದೇನು? ರೋಗಿಯ ಬಂಧುಗಳನ್ನು, ಮಿತ್ರರನ್ನು, ಮಡದಿಯನ್ನು, ಗುರುಗಳನ್ನು, ಅರಸನನ್ನು ಕಂಡು, ಚಿಕಿತ್ಸೆ ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಫಲ ಸಂದೇಹಾಸ್ಪದ ಎಂಬುದನ್ನು ಬಿಚ್ಚಿ ಹೇಳಿ, ಅವರ ಒಪ್ಪಿಗೆಯನ್ನು ಪಡೆದೇ ಮುಂದುವರಿಯತಕ್ಕದ್ದೆಂದು ಚರಕ ವಿಧಿಸುತ್ತಾನೆ. ಎಷ್ಟು ನೇರವಾದ ಮಾತು! ಒಂದು ಕೊರತೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಅಷ್ಟು ಮಂದಿಯ ಹೆಸರು ಹೇಳಿದ ಆಚಾರ್ಯ ರೋಗಿಯನ್ನೇ ಬಿಟ್ಟುಬಿಟ್ಟಿದ್ದಾನೆ.

ಆ ಕೊರತೆಯನ್ನು ತುಂಬಿದ್ದು 2008ರ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೆಂದು ಹೇಳಬಹುದು. ಮೊಕದ್ದಮೆ ಹಲ್ಲಿನದಲ್ಲ. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯೊಬ್ಬಳ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ರುಜು ಹಾಕಿಸಿಕೊಂಡು, ತೆಗೆದುಬಿಟ್ಟಿದ್ದರು. ಪ್ರಾಪ್ತವಯಸ್ಕಳಾದ, ತನ್ನ ನಿರ್ಧಾರವನ್ನು ತಾನೇ ಮಾಡಬಲ್ಲ ರೋಗಿಯ ಪರವಾಗಿ, ಪ್ರಾಣಕ್ಕೆ ತುರ್ತಾದ ಅಪಾಯವಿಲ್ಲದಿರುವಾಗ, ಹೆತ್ತ ತಾಯಿಯ ಒಪ್ಪಿಗೆಯೂ ಒಪ್ಪಿಗೆಯಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ತೀರ್ಪನ್ನು ಬರೆದವರು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಚಿಕಿತ್ಸೆ ಎಂಥದು, ಅದರಿಂದ ಏನು ಪ್ರಯೋಜನ, ಬೇರೆ ದಾರಿಯುಂಟೇ, ಮುಖ್ಯವಾದ ಅಪಾಯಗಳೇನು, ಚಿಕಿತ್ಸೆ ಬೇಡವೆಂದರೆ ಏನಾದೀತು, ಇವನ್ನೆಲ್ಲ ವೈದ್ಯನು ರೋಗಿಗೇ ತಿಳಿಸಬೇಕು. ಎಲ್ಲೋ ಸಾವಿರಕ್ಕೊಮ್ಮೆ ಆಗಬಹುದಾದ ದೂರದ ಅಪಾಯಗಳನ್ನೆಲ್ಲ ಪಟ್ಟಿಮಾಡಿ ಹೆದರಿಸಬೇಕಾಗಿಲ್ಲವೆಂದೂ ಅಲ್ಲಿ ಹೇಳಿದೆ. ನನ್ನ ಮಿತ್ರರ ‘ಎದ್ದು ಹೋಗುತ್ತಾರೆ’ ಎಂಬ ಆಕ್ಷೇಪಕ್ಕೂ ಇದರಲ್ಲಿ ಉತ್ತರವಿದೆ. ತುಟಿ ಮರಗಟ್ಟುವುದು ದೂರದ ಅಪಾಯವಲ್ಲ. ಬೇರು ಸುರಂಗಕ್ಕೆ ತಾಗಿದ್ದರಂತೂ ಅದೇ ಮುಖ್ಯ ಅಪಾಯ.

ಇನ್ನು, ಹಲ್ಲನ್ನು ತೆಗೆಯಲೇಬೇಕೇ ಎಂಬ ಪ್ರಶ್ನೆ. ವೈದ್ಯರು ಅತ್ಯಂತ ಕಡಿಮೆ ಮಾತನಾಡುವುದು ಇಲ್ಲಿಯೇ. ಹೆಚ್ಚು ಮಾತನಾಡಬೇಕಾದುದೂ ಇಲ್ಲಿಯೇ. ಪದೇ ಪದೇ ಕೀವಾಗುವ ಹಲ್ಲು, ಹುಳುಕು ಹಿಡಿದು ಸರಿಪಡಿಸಲಾಗದ ಹಲ್ಲು, ಪಕ್ಕದ ಹಲ್ಲನ್ನು ಕೆಡಿಸುತ್ತಿರುವ ಹಲ್ಲು, ಸುತ್ತ ನೀರುಗುಳ್ಳೆ ಕಟ್ಟಿದ ಹಲ್ಲು — ಇವನ್ನು ತೆಗೆಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಸಿಕ್ಕಿಕೊಂಡಿದ್ದೂ ಸುಮ್ಮನೆ ಮಲಗಿರುವ ಹಲ್ಲಿನ ವಿಷಯದಲ್ಲಿ ಪಂಡಿತರೇ ಒಮ್ಮತದಲ್ಲಿಲ್ಲ. ಬ್ರಿಟನ್ನಿನ ‘ನೈಸ್’ ಎಂಬ ಸರ್ಕಾರಿ ಸಂಸ್ಥೆ 2000ದಲ್ಲಿ ತನ್ನ ಮೊಟ್ಟಮೊದಲನೆಯ ಚಿಕಿತ್ಸಾ ಮಾರ್ಗದರ್ಶನವನ್ನು ಪ್ರಕಟಿಸಿತು. ಅದು ಬುದ್ಧಿಹಲ್ಲಿನ ಮೇಲೆಯೇ! ರೋಗವಿಲ್ಲದ ಹಲ್ಲನ್ನು ಮುನ್ನೆಚ್ಚರಿಕೆಗೆಂದು ಕೀಳುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಅದು ಹೇಳಿತು. ಅಮೆರಿಕದಲ್ಲಿಯಾದರೋ ಶಸ್ತ್ರವೈದ್ಯರು ಹರೆಯದಲ್ಲಿಯೇ ತೆಗೆಸುವ ಕಡೆಗೆ ಹೆಚ್ಚಾಗಿ ವಾಲುತ್ತಾರೆ. ಬೇರು ಪೂರ್ತಿ ಬಲಿಯುವ ಮೊದಲು, ಮೂಳೆ ಗಟ್ಟಿಯಾಗುವ ಮೊದಲು ತೆಗೆದರೆ ಸುಲಭವೆಂಬುದು ಅವರ ವಾದ. ಅದೂ ಸುಳ್ಳಲ್ಲ. ನಲವತ್ತರಲ್ಲಿ ತೆಗೆಸಿದವರಿಗೆ ಇಪ್ಪತ್ತರವರಿಗಿಂತ ಚೇತರಿಕೆ ನಿಧಾನ.

ಹೀಗೆ ಎರಡು ದಾರಿಗಳಿರುವಾಗ ಒಂದೇ ದಾರಿಯಿದೆಯೆಂಬಂತೆ ‘ತೆಗೆಸಿಬಿಡಿ’ ಎನ್ನುವುದು ಸರಿಯೆಂದು ನನಗೆ ತೋರುವುದಿಲ್ಲ. ಮೂರನೆಯ ದಾರಿಯೂ ಒಂದುಂಟು: ಬೇರು ನರಕ್ಕೆ ಅಂಟಿಕೊಂಡಿದ್ದು ಹಲ್ಲು ರೋಗಗ್ರಸ್ತವಾಗಿಲ್ಲದಿದ್ದರೆ, ಅದರ ತಲೆಯನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಮೂಳೆಯಲ್ಲಿಯೇ ಬಿಡುವ ಕ್ರಮ. ಅದನ್ನು ಮಾಡಬಹುದಾದ ಸಂದರ್ಭಗಳು ಮಿತ; ಆದರೆ ಆ ಹೆಸರನ್ನೇ ಕೇಳದ ರೋಗಿಗಳು ಅಮಿತ. ಮತ್ತೊಂದು ಮಾತು. ‘ಬುದ್ಧಿಹಲ್ಲು ತಳ್ಳಿ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ’ ಎಂಬ ಕಾರಣವನ್ನು ಹೆಣ್ಣುಮಕ್ಕಳ ತಾಯಂದಿರಿಗೆ ಹೇಳುವುದುಂಟು. ಇದನ್ನು ಎತ್ತಿಹಿಡಿಯುವಂಥ ಆಧಾರ ಸಂಶೋಧನೆಗಳಲ್ಲಿ ದೊರೆತಿಲ್ಲ. ಈ ಒಂದೇ ಕಾರಣಕ್ಕಾಗಿ ನಾಲ್ಕು ಹಲ್ಲುಗಳನ್ನು ಕೀಳಿಸಲು ಹೊರಟವರು ಇನ್ನೊಬ್ಬ ವೈದ್ಯರನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಖರ್ಚಿನ ವಿಚಾರವೂ ಹೀಗೆಯೇ. ಸುಲಭವಾಗಿ ಬರುವ ಹಲ್ಲಿಗೂ ಒಸಡು ಬಿಡಿಸಿ ಮೂಳೆ ಕೊರೆದು ತೆಗೆಯುವ ಹಲ್ಲಿಗೂ ಶುಲ್ಕದಲ್ಲಿ ಅಂತರವಿರುವುದು ನ್ಯಾಯವೇ. ಆದರೆ ಆ ಅಂತರ ಕುರ್ಚಿಯಿಂದ ಇಳಿದ ಮೇಲೆ, ತುಟಿ ಮರಗಟ್ಟಿ ಚೌಕಾಶಿಗೆ ಬಾರದಿರುವಾಗ, ಚೀಟಿಯಲ್ಲಿ ಕಾಣಿಸಿಕೊಳ್ಳಬಾರದು.

ವೈದ್ಯರನ್ನು ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಮೌನವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಒಂದು ಭಯ ಹೂತುಕೊಂಡಿದೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ. ವೈದ್ಯರು ನಕ್ಕಾರೆಂದು ಯಾರೂ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ಮನೆ ಗೊತ್ತಾದ ದಿನಕ್ಕೆ ಬಾರದೆ ಉಳಿಯುತ್ತಾರೆ. ಕಣ್ಣು ಕಾಣುವುದು ಮಿದುಳಿನಿಂದ ನೇರವಾಗಿ ಬರುವ ಬೇರೊಂದು ನರದಿಂದ. ಹಲ್ಲಿನ ನರಕ್ಕೂ ಅದಕ್ಕೂ ಸಂಬಂಧವಿಲ್ಲ. ವಯಸ್ಸಾದವರಿಗೆ ಹಲ್ಲೂ ಕಣ್ಣೂ ಒಂದೇ ಕಾಲದಲ್ಲಿ ಕೈಕೊಡುವುದರಿಂದ ಈ ನಂಬಿಕೆ ಹುಟ್ಟಿತೆಂದು ನನ್ನ ಊಹೆ. ಭಯ ಹೋಗಲಿ, ಸಂಗತಿಗಳನ್ನಾದರೂ ಹೇಳುತ್ತೇವೆಯೇ? ಸಕ್ಕರೆಕಾಯಿಲೆಯನ್ನು ಹೇಳುವುದಿಲ್ಲ. ಹೃದಯಕ್ಕೆಂದು ದಿನವೂ ನುಂಗುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಹೇಳುವುದಿಲ್ಲ. ಅಥವಾ ಯಾರನ್ನೂ ಕೇಳದೆ ತಾವೇ ಅದನ್ನು ನಿಲ್ಲಿಸಿ ಬರುತ್ತಾರೆ, ಅದು ಇನ್ನೂ ಅಪಾಯ. ಮೂಳೆ ಸವೆತಕ್ಕೆಂದು ತೆಗೆದುಕೊಳ್ಳುವ ಕೆಲವು ಔಷಧಗಳಿಂದ, ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಮಾಯದೆ ಉಳಿಯುವುದುಂಟೆಂದು ಮನೆಯ ಹಿರಿಯ ಹೆಂಗಸರಿಗೆ ತಿಳಿದಿರುವುದಿಲ್ಲ, ಹೇಳುವುದೂ ಇಲ್ಲ. ಸಿಗರೇಟಿನ ಮಾತಂತೂ ಜೊತೆಯಲ್ಲಿ ಹೆಂಡತಿ ಕುಳಿತಿದ್ದರೆ ಹೊರಡುವುದೇ ಇಲ್ಲ. ಬಾಗಿಲು ಮುಚ್ಚಿ ರೋಗಿಯೊಬ್ಬನನ್ನೇ ಕೇಳುವ ವೈದ್ಯರು ಜಾಣರು.

ಒಪ್ಪಿಗೆಪತ್ರದ ಭಾಷೆಯ ವಿಚಾರ ನನ್ನ ಕಸುಬಿಗೆ ಹತ್ತಿರವಾದುದು. ವೈದ್ಯರ ಸೇವೆಯೂ ಗ್ರಾಹಕರ ಕಾಯಿದೆಗೆ ಒಳಪಡುವುದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಮೇಲೆ, ಚಿಕಿತ್ಸಾಲಯಗಳಲ್ಲಿ ಕಾಗದಗಳಿಗೆ ಮಹತ್ವ ಬಂದಿತು. ಒಳ್ಳೆಯದೇ. ಆದರೆ ಅನೇಕ ಕಡೆ ಆ ಕಾಗದ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿರುತ್ತದೆ. ಕೆನ್ನೆ ಊದಿಸಿಕೊಂಡು ಬಂದವನ ಕೈಗೆ ಅದನ್ನು ಕೊಟ್ಟು ‘ಇಲ್ಲಿ ಸಹಿ, ಇಲ್ಲಿ ಸಹಿ’ ಎಂದು ಬೆರಳು ತೋರಿಸುತ್ತಾರೆ. ಅದು ವೈದ್ಯರನ್ನು ಕಾಯುವ ಕಾಗದ. ರೋಗಿಗೆ ತಿಳಿಸುವ ಕಾಗದವಲ್ಲ. ಕನ್ನಡದಲ್ಲಿ ಈ ಮಾತುಗಳಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ‘ಸ್ಪರ್ಶಸಂವೇದನಾ ನರಾಘಾತ’ ಎಂದು ಬರೆದರೆ ಇಂಗ್ಲಿಷೇ ವಾಸಿಯೆನಿಸೀತು. ‘ತುಟಿ ಮರಗಟ್ಟಿದ ಹಾಗೆ ಇರಬಹುದು; ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ; ಅಪರೂಪಕ್ಕೆ ಹಾಗೆಯೇ ಉಳಿಯಬಹುದು’ ಎಂದರೆ ಅಡಿಗೆಮನೆಯವರೆಗೂ ಅರ್ಥವಾಗುತ್ತದೆ.

ಹೀಗೆ ಮಾಡುವವರಿದ್ದಾರೆಂಬುದನ್ನೂ ಬರೆಯಬೇಕು. ನಮ್ಮ ಬಡಾವಣೆಯಲ್ಲಿ ವಯಸ್ಸಾದ ದಂತವೈದ್ಯರೊಬ್ಬರಿದ್ದಾರೆ. ರೋಗಿಯನ್ನು ಮೊದಲು ಮಲಗುವ ಕುರ್ಚಿಯಲ್ಲಿ ಕೂರಿಸುವುದಿಲ್ಲ. ತಮ್ಮ ಮೇಜಿನ ಎದುರಿನ ಮರದ ಕುರ್ಚಿಯಲ್ಲಿ ಕೂರಿಸುತ್ತಾರೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಪೆನ್ಸಿಲಿನ ತುದಿಯಿಂದ ‘ಇದು ನಿಮ್ಮ ಹಲ್ಲು, ಇದು ಅದರ ಬೇರು, ಈ ಕಪ್ಪು ಗೆರೆಯೇ ನರದ ದಾರಿ’ ಎಂದು ತೋರಿಸುತ್ತಾರೆ. ಔಷಧದ ಚೀಟಿಯ ಬೆನ್ನಿನ ಮೇಲೆ ವಾಲಿದ ಹಲ್ಲಿನ ಚಿತ್ರವನ್ನು ತಾವೇ ಬರೆದುಕೊಡುತ್ತಾರೆ; ಮನೆಗೆ ಒಯ್ದು ಹಿರಿಯರಿಗೆ ತೋರಿಸಿ ಎನ್ನುತ್ತಾರೆ. ಕೊನೆಗೆ, ‘ಈಗ ನಿಮಗೆ ಅರ್ಥವಾದದ್ದನ್ನು ನನಗೆ ಹೇಳಿ’ ಎಂದು ಪಾಠ ಒಪ್ಪಿಸಿಕೊಳ್ಳುತ್ತಾರೆ. ಇದು ಮೇಷ್ಟ್ರುಗಳ ಉಪಾಯ. ಅವರಿಗೆ ಯಾರು ಕಲಿಸಿದರೋ ತಿಳಿಯದು.

ಹಲ್ಲು ತೆಗೆದ ಮೇಲೆ ಅವರು ಕೊಡುವ ಕನ್ನಡದ ಅರ್ಧ ಹಾಳೆಯನ್ನು ನಾನು ನೋಡಿದ್ದೇನೆ. ಹತ್ತಿಯ ಉಂಡೆಯನ್ನು ಅರ್ಧ ಗಂಟೆ ಒತ್ತಿ ಕಚ್ಚಿರಬೇಕು. ಒಂದು ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು. ಹೆಪ್ಪುಗಟ್ಟಿದ ರಕ್ತವೇ ಆ ಗುಳಿಗೆ ಮುಲಾಮು. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಊತ ಎರಡನೆಯ ಮೂರನೆಯ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಗಾಬರಿ ಬೇಡ. ಆದರೆ ನೋವು ಕಡಿಮೆಯಾಗುತ್ತ ಬಂದು ಮೂರನೆಯ ನಾಲ್ಕನೆಯ ದಿನ ಕಿವಿಯವರೆಗೆ ಸಿಡಿಯುವಂತೆ ಮತ್ತೆ ಹೆಚ್ಚಿದರೆ, ಹೆಪ್ಪು ಕಳಚಿಹೋಗಿ ಮೂಳೆ ಬರಿದಾಗಿರಬಹುದು, ಸೇದುವವರಿಗೆ ಹೀಗಾಗುವುದು ಹೆಚ್ಚು, ಕೂಡಲೇ ಬರಬೇಕು. ಜ್ವರ ಬಂದರೆ, ನುಂಗಲು ಕಷ್ಟವಾದರೆ, ರಕ್ತ ನಿಲ್ಲದಿದ್ದರೆ ಹೊತ್ತು ನೋಡಬಾರದು. ಹಾಳೆಯ ಅಡಿಯಲ್ಲಿ ಮುದ್ರಿಸಿದ ಸಾಲುಗಳು ಮುಗಿದ ಮೇಲೆ ವೈದ್ಯರ ಕೈಬರೆಹದಲ್ಲಿ ಮನೆಯ ದೂರವಾಣಿಯ ಸಂಖ್ಯೆ, ಅದರ ಮುಂದೆ: ‘ರಾತ್ರಿಯಾದರೂ ಸರಿ.’